ಸೂರ್ಯನ ಮೇರೆಯಾಚೆ ವಾಯೇಜರ್ ಅವಳಿ ನೌಕೆಗಳು

ಬುಧ, ಶುಕ್ರ, ಮಂಗಳ, ಗುರು, ಶನಿ ಎಂಬ ಐದು ಗ್ರಹಗಳನ್ನು ಮಾನವನು ಬರಿಗಣ್ಣಿನಿಂದಲೇ ಗುರುತಿಸಿ, ಅವುಗಳ ಗತಿಯನ್ನು ಸಾವಿರಾರು ವರ್ಷಗಳಿಂದ ಲೆಕ್ಕವಿಡುತ್ತ ಬಂದಿದ್ದಾನೆ. 1610ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕವನ್ನು ಗುರುಗ್ರಹದತ್ತ ತಿರುಗಿಸಿ ಅದರ ನಾಲ್ಕು ಉಪಗ್ರಹಗಳನ್ನು ಕಂಡನು. 1781ರಲ್ಲಿ ವಿಲಿಯಂ ಹರ್ಷೆಲ್ ಯುರೇನಸ್ಸನ್ನು ಕಂಡುಹಿಡಿದನು. 1846ರಲ್ಲಿ ಗಣಿತದ ಲೆಕ್ಕಾಚಾರವು ತೋರಿಸಿಕೊಟ್ಟ ದಿಕ್ಕಿನಲ್ಲಿ ಹುಡುಕಿದಾಗ ನೆಪ್ಚೂನ್ ದೊರೆಯಿತು. ಆದರೂ ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದವರೆಗೆ ಈ ದೂರದ ಗ್ರಹಗಳ ಬಗೆಗಿನ ತಿಳಿವಳಿಕೆ ಬಹು ಅಲ್ಪವಾಗಿತ್ತು. ಅತ್ಯುತ್ತಮ ದೂರದರ್ಶಕದಲ್ಲಿಯೂ ಯುರೇನಸ್ ಮತ್ತು ನೆಪ್ಚೂನ್ ಮಸುಕಾದ ಪುಟ್ಟ ಬಿಲ್ಲೆಗಳಂತೆ ಕಾಣುತ್ತಿದ್ದವು. ಅವುಗಳ ಉಪಗ್ರಹಗಳಂತೂ ಕೇವಲ ಬೆಳಕಿನ ಚುಕ್ಕೆಗಳಾಗಿದ್ದವು.

ಈ ಚುಕ್ಕೆಗಳನ್ನು ಲೋಕಗಳನ್ನಾಗಿ ತೋರಿಸಿಕೊಟ್ಟ ಕೀರ್ತಿ 1977ರಲ್ಲಿ ಹಾರಿದ ವಾಯೇಜರ್ ಎಂಬ ಎರಡು ಗಗನನೌಕೆಗಳದು. ಅವುಗಳ ಚರಿತ್ರೆಯಲ್ಲಿ ಅದ್ಭುತವಾದ ನೋಟಗಳು ಅನೇಕವುಂಟು. ಆದರೆ ಅವುಗಳಿಗಿಂತ ಹೆಚ್ಚಿನ ಮನನಕ್ಕೆ ಯೋಗ್ಯವಾದ ಇನ್ನೊಂದು ಸಂಗತಿಯಿದೆ. ಐದು ವರ್ಷಗಳ ಕೆಲಸಕ್ಕೆಂದು ಕಟ್ಟಿದ ಈ ಯಂತ್ರಗಳು ಹೆಚ್ಚುಕಡಮೆ ಅರ್ಧ ಶತಮಾನ ದುಡಿದವು. ಕೈಗೆಟುಕದಷ್ಟು ದೂರಕ್ಕೆ ಹೋದ ವಸ್ತುವನ್ನು ಇಷ್ಟು ದೀರ್ಘಕಾಲ ಕೆಲಸದಲ್ಲಿ ಉಳಿಸಿಕೊಂಡದ್ದು ಹೇಗೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಪೂರ್ವವಾದ ಅವಕಾಶ

ಗುರು, ಶನಿ, ಯುರೇನಸ್ ಮತ್ತು ನೆಪ್ಚೂನ್ ಗ್ರಹಗಳು ಬೇರೆ ಬೇರೆ ವೇಗದಿಂದ ಸೂರ್ಯನನ್ನು ಸುತ್ತುತ್ತವೆ. ಒಂದೇ ನೌಕೆಯು ಒಂದರಿಂದ ಇನ್ನೊಂದಕ್ಕೆ ಸಾಗಿ ನಾಲ್ಕನ್ನೂ ಸಂದರ್ಶಿಸಬಹುದಾದ ರೀತಿಯಲ್ಲಿ ಇವು ಬಂದು ನಿಲ್ಲುವುದು ಸುಮಾರು 175 ವರ್ಷಗಳಿಗೊಮ್ಮೆ. ಅಂತಹ ಯೋಗವು 1970ರ ದಶಕದ ಕೊನೆಯಲ್ಲಿ ಒದಗಿಬರುವುದೆಂಬುದನ್ನು 1965ರಲ್ಲಿ ಗ್ಯಾರಿ ಫ್ಲಾಂಡ್ರೋ ಎಂಬಾತ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ಗಣಿತದಿಂದ ಕಂಡುಕೊಂಡನು.

ಗ್ರಹದಿಂದ ಗ್ರಹಕ್ಕೆ ಸಾಗುವ ಈ ವಿಧಾನದ ಹಿಂದಿನ ತತ್ತ್ವವನ್ನು ಸ್ವಲ್ಪ ವಿವರಿಸಬೇಕು. ಕವಣೆಯಲ್ಲಿ ಕಲ್ಲನ್ನಿಟ್ಟು ಬೀಸಿದರೆ, ಬೀಸುವ ತೋಳಿನ ಬಲದ ಒಂದಂಶ ಕಲ್ಲಿಗೆ ಬರುತ್ತದೆ. ಅದರಂತೆಯೇ, ಸೂರ್ಯನ ಸುತ್ತ ವೇಗವಾಗಿ ಚಲಿಸುತ್ತಿರುವ ಭಾರಿ ಗ್ರಹವೊಂದರ ಹಿಂಬದಿಯಿಂದ ನೌಕೆಯು ಹಾದುಹೋದರೆ, ಗ್ರಹದ ಗುರುತ್ವಾಕರ್ಷಣೆಯು ಅದನ್ನು ತನ್ನೊಡನೆ ಸೆಳೆದು ಹೊಸ ದಿಕ್ಕಿಗೆ ಎಸೆಯುತ್ತದೆ. ನೌಕೆಯ ವೇಗ ಹೆಚ್ಚುತ್ತದೆ. ಗ್ರಹವು ಅಷ್ಟೇ ಚಲನಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದರೆ ಅದರ ಅಗಾಧವಾದ ರಾಶಿಯ ಮುಂದೆ ಆ ನಷ್ಟವು ಲೆಕ್ಕಕ್ಕೆ ಬಾರದು. ನೇರವಾಗಿ ಹೋದರೆ 30 ವರ್ಷ ಹಿಡಿಯಬಹುದಾಗಿದ್ದ ನೆಪ್ಚೂನಿನ ಪ್ರಯಾಣವನ್ನು, ಈ ಉಪಾಯದಿಂದ, ಹೆಚ್ಚಿನ ಇಂಧನವನ್ನು ಸುಡದೆಯೇ 12 ವರ್ಷಗಳಿಗೆ ಇಳಿಸುವುದು ಸಾಧ್ಯವಾಯಿತು.

ಮೊದಲು ನಾಲ್ಕು ದೊಡ್ಡ ನೌಕೆಗಳ ಮಹಾಯಾತ್ರೆಯೊಂದನ್ನು ಯೋಚಿಸಲಾಗಿತ್ತು. ವೆಚ್ಚವು ವಿಪರೀತವೆಂದು ಸರಕಾರವು ಅದನ್ನು ಕೈಬಿಟ್ಟಿತು. ಗುರು ಮತ್ತು ಶನಿಗಳನ್ನು ಮಾತ್ರ ನೋಡಿಬರುವ ಎರಡು ನೌಕೆಗಳಿಗಷ್ಟೇ ಅನುಮತಿ ದೊರೆಯಿತು. ಆದರೆ ಅವುಗಳನ್ನು ಕಟ್ಟಿದ ತಂತ್ರಜ್ಞರು ಮುಂದಿನ ದಾರಿಯನ್ನು ಮುಚ್ಚಲಿಲ್ಲ. ವಾಯೇಜರ್ 2 ಹಿಡಿದ ಪಥವು, ಎಲ್ಲವೂ ಕೂಡಿಬಂದರೆ, ಶನಿಯಿಂದ ಯುರೇನಸ್ಸಿಗೂ ಅಲ್ಲಿಂದ ನೆಪ್ಚೂನಿಗೂ ಸಾಗಬಲ್ಲದ್ದಾಗಿತ್ತು. ಆಜ್ಞೆಗಳನ್ನು ಭೂಮಿಯಿಂದಲೇ ಬದಲಾಯಿಸಬಲ್ಲ ಗಣಕಯಂತ್ರಗಳನ್ನು ಅವುಗಳಲ್ಲಿ ಅಳವಡಿಸಿದರು. ಈ ದೂರದೃಷ್ಟಿಯೇ ಮುಂದೆ ಫಲ ಕೊಟ್ಟಿತು.

ನೌಕೆಗಳ ರಚನೆ

ವಾಯೇಜರ್ 2 ನೌಕೆಯು 1977ರ ಆಗಸ್ಟ್ 20ರಂದೂ, ವಾಯೇಜರ್ 1 ಅದೇ ವರ್ಷ ಸೆಪ್ಟೆಂಬರ್ 5ರಂದೂ ಫ್ಲಾರಿಡಾದ ಕೇಪ್ ಕೆನವೆರಲ್‌ನಿಂದ ಹಾರಿದವು. ತಡವಾಗಿ ಹೊರಟರೂ ವಾಯೇಜರ್ 1 ಹತ್ತಿರದ ದಾರಿಯನ್ನು ಹಿಡಿದದ್ದರಿಂದ ಡಿಸೆಂಬರಿನಲ್ಲಿಯೇ ತನ್ನ ಜೊತೆಗಾರನನ್ನು ಹಿಂದೆ ಹಾಕಿತು. ಗುರುಗ್ರಹವನ್ನು ಮೊದಲು ಸೇರುವುದು ಅದೇ ಆದ್ದರಿಂದ ಅದಕ್ಕೆ ಮೊದಲನೆಯ ಸಂಖ್ಯೆಯನ್ನು ಕೊಡಲಾಗಿತ್ತು.

ಎರಡೂ ಒಂದೇ ಮಾದರಿಯವು. ಪ್ರತಿಯೊಂದರ ತೂಕ ಸುಮಾರು 800 ಕಿಲೋಗ್ರಾಂ. ಭೂಮಿಯೊಡನೆ ಮಾತನಾಡಲು 3.7 ಮೀಟರ್ ವ್ಯಾಸದ ಬೋಗುಣಿಯಾಕಾರದ ಆಂಟೆನಾ ಇದೆ. ನೆಪ್ಚೂನಿನ ಬಳಿ ಬಿಸಿಲು ಭೂಮಿಯ ಮೇಲಿನ ಬಿಸಿಲಿನ ಸುಮಾರು 900ರಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ಸೂರ್ಯನಿಂದ ವಿದ್ಯುತ್ತನ್ನು ಪಡೆಯುವ ಮಾತೇ ಇಲ್ಲ. ಪ್ಲುಟೋನಿಯಂ ಧಾತುವು ವಿಕಿರಣದಿಂದ ಕ್ಷಯಿಸುವಾಗ ಹೊಮ್ಮುವ ಶಾಖವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಮೂರು ಘಟಕಗಳನ್ನು ನೌಕೆಗಳಲ್ಲಿ ಇಡಲಾಗಿದೆ. ಹೊರಟಾಗ ಇವು ಸುಮಾರು 470 ವ್ಯಾಟ್ ವಿದ್ಯುತ್ತನ್ನು ಕೊಡುತ್ತಿದ್ದವು. ಒಂದು ನೌಕೆಯ ಎಲ್ಲ ಗಣಕಯಂತ್ರಗಳ ಸ್ಮೃತಿಯನ್ನು ಕೂಡಿಸಿದರೂ 70 ಕಿಲೋಬೈಟುಗಳಷ್ಟೇ. ಇಂದು ಜೇಬಿನಲ್ಲಿರುವ ಮೊಬೈಲ್ ಫೋನಿನಿಂದ ತೆಗೆದ ಒಂದು ಸಾಧಾರಣ ಚಿತ್ರವನ್ನೂ ಅದರಲ್ಲಿ ಇಡಲಾಗದು.

ನಾಲ್ಕು ಗ್ರಹಗಳ ದರ್ಶನ

1979ರ ಮಾರ್ಚ್ 5ರಂದು ವಾಯೇಜರ್ 1 ಗುರುಗ್ರಹದ ಸಮೀಪದಲ್ಲಿ ಹಾದುಹೋಯಿತು. ಕೆಲವೇ ದಿನಗಳ ತರುವಾಯ, ನೌಕೆಯ ದಾರಿಯನ್ನು ಸರಿನೋಡಲು ನಕ್ಷತ್ರಗಳ ಹಿನ್ನೆಲೆಯಲ್ಲಿ ತೆಗೆದಿದ್ದ ಒಂದು ಚಿತ್ರವನ್ನು ಪರೀಕ್ಷಿಸುತ್ತಿದ್ದ ಲಿಂಡಾ ಮೊರಾಬಿಟೋ ಎಂಬ ಮಹಿಳಾ ಇಂಜಿನಿಯರ್, ಐಯೋ ಎಂಬ ಉಪಗ್ರಹದ ಅಂಚಿನಲ್ಲಿ ಛತ್ರಿಯಾಕಾರದ ಮಬ್ಬೊಂದನ್ನು ಕಂಡರು. ಅದು ಜ್ವಾಲಾಮುಖಿಯು ಚಿಮ್ಮಿಸಿದ ಸುಮಾರು 300 ಕಿಲೋಮೀಟರ್ ಎತ್ತರದ ಕಾರಂಜಿ. ಭೂಮಿಯ ಹೊರಗೆ ಜೀವಂತ ಜ್ವಾಲಾಮುಖಿಯನ್ನು ಮಾನವನು ಕಂಡದ್ದು ಅದೇ ಮೊದಲು. ಗುರುವಿನ ಪ್ರಬಲವಾದ ಸೆಳೆತವು ಐಯೋವನ್ನು ಹಿಂಡಿ ಸಡಿಲಿಸುತ್ತಿರುವುದರಿಂದ ಅದರ ಒಡಲು ಕಾಯುತ್ತದೆ. ದೂರದ ಉಪಗ್ರಹಗಳೆಲ್ಲ ತಣ್ಣಗಾದ ನಿರ್ಜೀವ ಬಂಡೆಗಳೆಂಬ ಭಾವನೆಯು ಅಂದಿಗೆ ಅಳಿಯಿತು.

ಶನಿಯ ಬಳಿ ಒಂದು ಕಠಿಣವಾದ ನಿರ್ಧಾರವು ಕಾದಿತ್ತು. ಶನಿಯ ಅತಿ ದೊಡ್ಡ ಉಪಗ್ರಹವಾದ ಟೈಟಾನ್‌ಗೆ ದಟ್ಟವಾದ ವಾಯುಮಂಡಲವುಂಟು. ಅದರ ಸಮೀಪಕ್ಕೆ ಹೋದ ನೌಕೆಯ ಪಥವು ಗ್ರಹಗಳು ಸುತ್ತುವ ಸಮತಲದಿಂದ ಮೇಲಕ್ಕೆ ತಿರುಗಿಬಿಡುತ್ತದೆ. ಮತ್ತಾವ ಗ್ರಹವನ್ನೂ ಅದು ಕಾಣಲಾರದು. ವಾಯೇಜರ್ 1 ಆ ದಾರಿಯನ್ನೇ ಹಿಡಿಯಿತು. ಅದು ಟೈಟಾನನ್ನು ನೋಡುವಲ್ಲಿ ವಿಫಲವಾಗಿದ್ದರೆ ವಾಯೇಜರ್ 2ನ್ನು ಅಲ್ಲಿಗೆ ಕಳುಹಿಸಬೇಕಾಗುತ್ತಿತ್ತು. ಯುರೇನಸ್ ಮತ್ತು ನೆಪ್ಚೂನ್ ಕೈತಪ್ಪುತ್ತಿದ್ದವು. 1980ರ ನವೆಂಬರ್ 12ರ ವೇಳೆಗೆ ಆ ಕಾರ್ಯವು ಸಫಲವಾಯಿತು. ಟೈಟಾನಿನ ವಾಯುವಿನ ಬಹುಪಾಲು ಸಾರಜನಕವೆಂದೂ, ನೆಲದ ಮೇಲೆ ಅದರ ಒತ್ತಡವು ಭೂಮಿಯಲ್ಲಿರುವುದರ ಒಂದೂವರೆಯಷ್ಟೆಂದೂ ತಿಳಿದುಬಂತು. ಒಂದು ನೌಕೆಯ ಗ್ರಹಯಾತ್ರೆ ಅಲ್ಲಿಗೆ ಮುಗಿದು, ಇನ್ನೊಂದಕ್ಕೆ ದಾರಿ ತೆರೆಯಿತು.

1981ರ ಆಗಸ್ಟಿನಲ್ಲಿ ಶನಿಯನ್ನು ದಾಟಿದ ವಾಯೇಜರ್ 2, 1986ರ ಜನವರಿ 24ರಂದು ಯುರೇನಸ್ಸನ್ನೂ, 1989ರ ಆಗಸ್ಟ್ 25ರಂದು ನೆಪ್ಚೂನನ್ನೂ ಸಮೀಪಿಸಿತು. ಇಂದಿನವರೆಗೆ ಈ ಎರಡು ಗ್ರಹಗಳನ್ನು ಹತ್ತಿರದಿಂದ ಕಂಡಿರುವ ನೌಕೆ ಅದೊಂದೇ. ಯುರೇನಸ್ಸಿನ ಕಾಂತಕ್ಷೇತ್ರದ ಅಕ್ಷವು ಗ್ರಹದ ಆವರ್ತನದ ಅಕ್ಷಕ್ಕೆ 59 ಡಿಗ್ರಿಗಳಷ್ಟು ಓರೆಯಾಗಿರುವುದೂ, ಹತ್ತು ಹೊಸ ಉಪಗ್ರಹಗಳೂ ಬೆಳಕಿಗೆ ಬಂದವು. ನೆಪ್ಚೂನಿನ ಮೇಘಗಳ ಮೇಲೆ 5,000 ಕಿಲೋಮೀಟರಿಗೂ ಕಡಮೆ ಎತ್ತರದಲ್ಲಿ ನೌಕೆಯು ಹಾರಿತು. ಅಲ್ಲಿ ಗಂಟೆಗೆ 2,000 ಕಿಲೋಮೀಟರಿಗಿಂತ ವೇಗದ ಗಾಳಿ ಬೀಸುತ್ತದೆ. ಶೂನ್ಯಕ್ಕಿಂತ 235 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿರುವ ಟ್ರೈಟಾನ್ ಎಂಬ ಅದರ ಉಪಗ್ರಹದಲ್ಲಿಯೂ ಬುಗ್ಗೆಗಳು ಚಿಮ್ಮುತ್ತಿದ್ದವು.

ಅಡಚಣೆಗಳು ಮತ್ತು ಪರಿಹಾರಗಳು

ಈ ಯಶಸ್ಸು ನಿರಾತಂಕವಾಗಿ ದೊರೆತದ್ದೆಂದು ಭಾವಿಸಬಾರದು. ಹೊರಟ ಮರುವರ್ಷವೇ, 1978ರ ಏಪ್ರಿಲ್‌ನಲ್ಲಿ, ವಾಯೇಜರ್ 2ರ ಮುಖ್ಯ ರೇಡಿಯೋ ಗ್ರಾಹಕವು ಕೆಟ್ಟಿತು. ಬದಲಿಯಾಗಿದ್ದ ಗ್ರಾಹಕದಲ್ಲಿಯೂ ಒಂದು ದೋಷವಿತ್ತು. ಬರುವ ಸಂಕೇತದ ಆವರ್ತಾಂಕವು ತುಸು ಬದಲಾದರೆ ಅದನ್ನು ತಾನಾಗಿ ಹಿಂಬಾಲಿಸುವ ಶಕ್ತಿಯನ್ನು ಅದು ಕಳೆದುಕೊಂಡಿತ್ತು. ಒಂದು ಕಿವಿ ಕಿವುಡಾಗಿ, ಇನ್ನೊಂದು ಕಿವಿಗೆ ಒಂದೇ ಶ್ರುತಿಯು ಮಾತ್ರ ಕೇಳಿಸಿದಂತೆ. ಆ ಶ್ರುತಿಯಾದರೂ ನೌಕೆಯ ಉಷ್ಣತೆಗೆ ತಕ್ಕಂತೆ ಏರಿಳಿಯುತ್ತಿತ್ತು. ಅಂದಿನಿಂದ ಪ್ರತಿಯೊಂದು ಆಜ್ಞೆಯನ್ನು ಕಳುಹಿಸುವ ಮೊದಲು, ಭೂಮಿಯ ಚಲನೆ, ನೌಕೆಯ ಚಲನೆ, ಗ್ರಾಹಕದ ಉಷ್ಣತೆ ಇವೆಲ್ಲವನ್ನೂ ಲೆಕ್ಕಹಾಕಿ, ಅದು ಕೇಳಬಲ್ಲ ಶ್ರುತಿಯಲ್ಲಿಯೇ ಮಾತನಾಡಬೇಕಾಯಿತು. ಗುರು, ಶನಿ, ಯುರೇನಸ್, ನೆಪ್ಚೂನ್ ಎಂಬ ನಾಲ್ಕು ಗ್ರಹಗಳ ದರ್ಶನವೂ ಈ ಅರೆಗಿವುಡು ನೌಕೆಯಿಂದಲೇ ಆಯಿತು.

ಶನಿಯನ್ನು ದಾಟುವಾಗ ಕ್ಯಾಮರಾಗಳನ್ನು ಹೊತ್ತ ತಿರುಗುಪೀಠವು ಸಿಕ್ಕಿಕೊಂಡಿತು. ಅದನ್ನು ನಿಧಾನವಾಗಿ ತಿರುಗಿಸುವುದನ್ನೂ, ಅವಶ್ಯಬಿದ್ದಾಗ ಇಡೀ ನೌಕೆಯನ್ನೇ ತಿರುಗಿಸುವುದನ್ನೂ ತಂತ್ರಜ್ಞರು ಕಲಿತುಕೊಂಡರು. ದೂರದ ಗ್ರಹಗಳ ಮಂದಪ್ರಕಾಶದಲ್ಲಿ ಚಿತ್ರವು ಮೂಡಲು ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ನೌಕೆಯು ಮುಂದೆ ಓಡಿ ಚಿತ್ರವು ಕದಡುತ್ತದೆ. ಅದಕ್ಕಾಗಿ ನೌಕೆಯು ಓಡುತ್ತಿರುವಾಗಲೇ ನೋಟವನ್ನು ಗುರಿಯ ಮೇಲೆ ನಿಲ್ಲಿಸುವಂತೆ ಅದನ್ನು ಮೆಲ್ಲನೆ ಹೊರಳಿಸಲಾಯಿತು. ಅಲ್ಲದೆ, ಚಿತ್ರಗಳನ್ನು ಸಂಕ್ಷೇಪಿಸಿ ಕಳುಹಿಸುವ ಹೊಸ ವಿಧಾನವನ್ನು ನೌಕೆಯ ಗಣಕಯಂತ್ರಕ್ಕೆ ಭೂಮಿಯಿಂದಲೇ ಕಲಿಸಲಾಯಿತು.

ಇತ್ತ ಭೂಮಿಯ ಮೇಲಿನ ಕಿವಿಗಳೂ ಬೆಳೆಯಬೇಕಾಯಿತು. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಈ ಮೂರು ಕಡೆಗಳ ಆಂಟೆನಾಗಳು, ಭೂಮಿ ತಿರುಗಿದಂತೆಲ್ಲ ಸರದಿಯ ಮೇಲೆ ನೌಕೆಗಳನ್ನು ಆಲಿಸುತ್ತವೆ. 64 ಮೀಟರ್ ವ್ಯಾಸವಿದ್ದ ದೊಡ್ಡ ಆಂಟೆನಾಗಳನ್ನು ನೆಪ್ಚೂನ್ ದರ್ಶನಕ್ಕೆ ಮುಂಚೆ 70 ಮೀಟರಿಗೆ ಹಿಗ್ಗಿಸಲಾಯಿತು. ನೌಕೆಯ ಪ್ರೇಷಕದ ಶಕ್ತಿ ಸುಮಾರು 22 ವ್ಯಾಟ್, ಅಂದರೆ ಮನೆಯ ಒಂದು ಸಣ್ಣ ದೀಪದಷ್ಟು. ಅದರಲ್ಲಿ ಇಂದು ಭೂಮಿಯ ಆಂಟೆನಾಗೆ ತಲಪುವುದೆಷ್ಟು? ಒಂದು ವ್ಯಾಟನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ದೊರೆಯುವಷ್ಟೂ ಇಲ್ಲ. ಇಂತಹ ಕ್ಷೀಣಸಂಕೇತಗಳನ್ನು ಹಿಡಿಯುವ ವಿದ್ಯೆಯು ಕರ್ನಾಟಕಕ್ಕೂ ಬಂದಿದೆ. ಚಂದ್ರಯಾನಕ್ಕಾಗಿ 2008ರಲ್ಲಿ ಬೆಂಗಳೂರಿನ ಸಮೀಪದ ಬ್ಯಾಲಾಳು ಗ್ರಾಮದಲ್ಲಿ ಭಾರತವು 32 ಮೀಟರ್ ವ್ಯಾಸದ ಆಂಟೆನಾ ಒಂದನ್ನು ಸ್ಥಾಪಿಸಿತು.

ಸೂರ್ಯನ ಮೇರೆ

1990ರ ಫೆಬ್ರವರಿ 14ರಂದು, ಖಗೋಳವಿಜ್ಞಾನಿ ಕಾರ್ಲ್ ಸೇಗನ್ನರ ಸಲಹೆಯಂತೆ, ವಾಯೇಜರ್ 1 ಹಿಂದಿರುಗಿ ನೋಡಿ ಸೂರ್ಯನ ಪರಿವಾರದ ಚಿತ್ರಗಳನ್ನು ತೆಗೆಯಿತು. 600 ಕೋಟಿ ಕಿಲೋಮೀಟರ್ ದೂರದಿಂದ ಭೂಮಿಯು ಧೂಳಿನ ಕಣದಂತೆ ಕಂಡಿತು. ಅನಂತರ ಅದರ ಕ್ಯಾಮರಾಗಳನ್ನು ನಿಲ್ಲಿಸಲಾಯಿತು. ಮುಂದಿನ ಕತ್ತಲಿನಲ್ಲಿ ಚಿತ್ರ ತೆಗೆಯಲು ಏನೂ ಇರಲಿಲ್ಲ. ಆದರೆ ಅಳೆಯಲು ಇತ್ತು.

ಸೂರ್ಯನಿಂದ ವಿದ್ಯುತ್ಕಣಗಳ ಪ್ರವಾಹವೊಂದು ಸದಾ ಎಲ್ಲ ದಿಕ್ಕುಗಳಿಗೂ ಹರಿಯುತ್ತಿರುತ್ತದೆ. ಇದಕ್ಕೆ ಸೌರಮಾರುತವೆಂದು ಹೆಸರು. ಗ್ರಹಗಳೆಲ್ಲವನ್ನೂ ಒಳಗೊಂಡ ಒಂದು ಮಹಾಗುಳ್ಳೆಯನ್ನು ಅದು ಊದಿ ನಿಲ್ಲಿಸಿದೆ. ನಕ್ಷತ್ರಗಳ ನಡುವಣ ದ್ರವ್ಯದ ಒತ್ತಡಕ್ಕೆ ಎಲ್ಲಿ ಅದು ಸೋಲುತ್ತದೋ ಅದೇ ಸೂರ್ಯನ ಮೇರೆ. ಆ ಮೇರೆ ಎಲ್ಲಿದೆ ಎಂಬುದನ್ನು ಯಾರೂ ಖಚಿತವಾಗಿ ಬಲ್ಲವರಾಗಿರಲಿಲ್ಲ. ಅದನ್ನು ನೇರವಾಗಿ ಅಳೆಯಬೇಕಾಗಿದ್ದ ವಾಯೇಜರ್ 1ರ ಉಪಕರಣವು 1980ರಲ್ಲಿಯೇ ಕೆಟ್ಟಿತ್ತು. ಆದರೆ 2012ರ ಮಾರ್ಚ್‌ನಲ್ಲಿ ಸೂರ್ಯನಲ್ಲಿ ಎದ್ದ ಬಿರುಗಾಳಿಯೊಂದು ಸುಮಾರು ಹದಿಮೂರು ತಿಂಗಳ ತರುವಾಯ ನೌಕೆಯನ್ನು ಮುಟ್ಟಿ, ಸುತ್ತಲಿನ ಎಲೆಕ್ಟ್ರಾನುಗಳನ್ನು ಕಂಪಿಸುವಂತೆ ಮಾಡಿತು. ತಂತಿಯ ನಾದದಿಂದ ಅದರ ಬಿಗುವನ್ನು ತಿಳಿಯುವಂತೆ, ಈ ಕಂಪನದಿಂದ ಕಣಗಳ ಸಾಂದ್ರತೆಯನ್ನು ಲೆಕ್ಕಹಾಕಲಾಯಿತು. ಅದು ಗುಳ್ಳೆಯ ಒಳಗಿರುವುದಕ್ಕಿಂತ ಸುಮಾರು 40 ಪಟ್ಟು ಹೆಚ್ಚು. 2012ರ ಆಗಸ್ಟ್ 25ರಂದೇ ನೌಕೆಯು ಮೇರೆಯನ್ನು ದಾಟಿತ್ತೆಂದು 2013ರಲ್ಲಿ ಘೋಷಿಸಲಾಯಿತು. ಭೂಮಿಗೂ ಸೂರ್ಯನಿಗೂ ಇರುವ ದೂರದ ಸುಮಾರು 121 ಪಟ್ಟು ದೂರದಲ್ಲಿ ಅದು ಆಗ ಇತ್ತು. 2018ರ ನವೆಂಬರ್ 5ರಂದು ವಾಯೇಜರ್ 2 ಕೂಡ ಮೇರೆಯನ್ನು ದಾಟಿತು. ಅದರ ಉಪಕರಣವು ಸರಿಯಾಗಿದ್ದುದರಿಂದ ಈ ನಿರ್ಣಯವು ದೃಢಪಟ್ಟಿತು.

ಒಂದು ಸ್ಪಷ್ಟೀಕರಣವು ಅವಶ್ಯ. ನೌಕೆಗಳು ದಾಟಿರುವುದು ಸೌರಮಾರುತದ ಮೇರೆಯನ್ನು. ಸೂರ್ಯನ ಗುರುತ್ವಾಕರ್ಷಣೆಯ ಮೇರೆ ಇನ್ನೂ ಬಹುದೂರ. ಧೂಮಕೇತುಗಳ ಮೂಲನೆಲೆಯಾದ ಊರ್ಟ್ ಮೋಡದ ಒಳಅಂಚನ್ನು ಸೇರಲು ವಾಯೇಜರ್ 1ಕ್ಕೆ ಸುಮಾರು 300 ವರ್ಷಗಳು ಬೇಕು. ಅದನ್ನು ಹಾಯ್ದು ಹೊರಬೀಳಲು ಸುಮಾರು 30,000 ವರ್ಷಗಳು.

ಮಿತವ್ಯಯ ಮತ್ತು ಆರೈಕೆ

ಪ್ಲುಟೋನಿಯಂ ಕ್ಷಯಿಸಿದಂತೆ ನೌಕೆಗಳ ವಿದ್ಯುಚ್ಛಕ್ತಿಯು ವರ್ಷಕ್ಕೆ ಸುಮಾರು 4 ವ್ಯಾಟ್‌ನಂತೆ ಕುಗ್ಗುತ್ತದೆ. ಆದಾಯವು ವರ್ಷೇವರ್ಷೇ ಇಳಿಯುತ್ತಿರುವ ಮನೆಯ ಯಜಮಾನನಂತೆ, ನೌಕೆಗಳನ್ನು ನೋಡಿಕೊಳ್ಳುವವರು ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು ಎಂದು ಪದೇ ಪದೇ ನಿರ್ಣಯಿಸಬೇಕಾಗಿದೆ. ಮೊದಲು ಕ್ಯಾಮರಾಗಳು ಹೋದವು. ಆಮೇಲೆ ಉಪಕರಣಗಳನ್ನು ಬೆಚ್ಚಗಿಡುವ ಶಾಖಕಗಳನ್ನು ನಿಲ್ಲಿಸಲಾಯಿತು. ಆಶ್ಚರ್ಯವೆಂದರೆ, ಕೆಲವು ಉಪಕರಣಗಳು ತಾವು ತಾಳಬಲ್ಲವೆಂದು ಪರೀಕ್ಷಿಸಿದ್ದಕ್ಕಿಂತ ಹೆಚ್ಚಿನ ಚಳಿಯಲ್ಲಿಯೂ ಕೆಲಸ ಮಾಡಿದವು. ಕಡೆಗೆ 2025ರ ಫೆಬ್ರವರಿಯಲ್ಲಿ ವಾಯೇಜರ್ 1ರ ವಿಶ್ವಕಿರಣಮಾಪಕವನ್ನೂ, ಮಾರ್ಚ್‌ನಲ್ಲಿ ವಾಯೇಜರ್ 2ರ ಕಣಮಾಪಕವೊಂದನ್ನೂ ನಿಲ್ಲಿಸಬೇಕಾಯಿತು. ಮೇರೆಯಾಚೆಯಿಂದ ಅಂತಹ ಅಳತೆಯನ್ನು ಕೊಡಬಲ್ಲ ಬೇರೆ ನೌಕೆಯೇ ಇಲ್ಲವಾದ್ದರಿಂದ, ಪ್ರತಿಯೊಂದು ನಿಲುಗಡೆಯೂ ತುಂಬಲಾಗದ ನಷ್ಟವೇ. ಆದರೆ ಒಂದನ್ನು ಬಿಡದೆ ಉಳಿದವು ನಿಲ್ಲುವಂತಿರಲಿಲ್ಲ.

ತಪ್ಪುಗಳೂ ಆಗಿವೆ. 2023ರ ಜುಲೈ 21ರಂದು ಒಂದು ಆಜ್ಞೆಯಲ್ಲಿನ ದೋಷದಿಂದ ವಾಯೇಜರ್ 2ರ ಆಂಟೆನಾ ಭೂಮಿಯಿಂದ ಎರಡು ಡಿಗ್ರಿ ಆಚೆಗೆ ತಿರುಗಿ, ಸಂಪರ್ಕವು ಕಡಿದುಹೋಯಿತು. ನೆಪ್ಚೂನಿನ ಬಳಿ ಅದರ ಪಥವು ದಕ್ಷಿಣಕ್ಕೆ ಬಾಗಿರುವುದರಿಂದ ಅದಕ್ಕೆ ಆಜ್ಞೆ ಕಳುಹಿಸಬಲ್ಲುದು ಕ್ಯಾನ್‌ಬೆರಾದ ದೊಡ್ಡ ಆಂಟೆನಾ ಒಂದೇ. ಅಲ್ಲಿಂದ ಪೂರ್ಣಶಕ್ತಿಯೊಡನೆ ಕೂಗಿ ಕರೆದಂತೆ ಆಜ್ಞೆಯನ್ನು ಕಳುಹಿಸಲಾಯಿತು. ಆಗಸ್ಟ್ 4ರಂದು ನೌಕೆಯು ಮತ್ತೆ ಭೂಮಿಯತ್ತ ಮುಖಮಾಡಿತು.

ಅದಕ್ಕಿಂತ ಕಠಿಣವಾದ ಪರೀಕ್ಷೆಯು ಆ ವರ್ಷದ ನವೆಂಬರಿನಲ್ಲಿ ಬಂತು. ವಾಯೇಜರ್ 1 ಅರ್ಥವಿಲ್ಲದ ಸಂಕೇತಗಳನ್ನು ಕಳುಹಿಸತೊಡಗಿತು. ನೌಕೆಯಿಂದ ಒಂದು ಪ್ರಶ್ನೆಗೆ ಉತ್ತರ ಬರಲು ಹೋಗುವುದಕ್ಕೆ ಇಪ್ಪತ್ತೆರಡೂವರೆ ಗಂಟೆ, ಬರುವುದಕ್ಕೆ ಇಪ್ಪತ್ತೆರಡೂವರೆ ಗಂಟೆ. ಹೀಗೆ ಎರಡು ದಿನಕ್ಕೊಂದು ಪ್ರಶ್ನೆಯಂತೆ ಕೇಳುತ್ತ, ದಶಕಗಳ ಹಿಂದಿನ ಕಾಗದಪತ್ರಗಳನ್ನು ತಿರುವಿಹಾಕುತ್ತ, ಮಾಪನಗಳನ್ನು ಜೋಡಿಸಿ ಕಳುಹಿಸುವ ಗಣಕಯಂತ್ರದ ಒಂದು ಸ್ಮೃತಿಬಿಲ್ಲೆಯು ಕೆಟ್ಟಿದೆಯೆಂದು ತಂತ್ರಜ್ಞರು ಪತ್ತೆಹಚ್ಚಿದರು. ಅಲ್ಲಿದ್ದ ಆಜ್ಞಾವಳಿಯನ್ನು ಪೂರ್ತಿಯಾಗಿ ಇಡಬಲ್ಲ ಜಾಗವು ಬೇರೆಲ್ಲಿಯೂ ಇರಲಿಲ್ಲ. ಅದನ್ನು ತುಂಡುಗಳಾಗಿ ವಿಂಗಡಿಸಿ, ಸಿಕ್ಕಿದ ಎಡೆಗಳಲ್ಲಿ ಇರಿಸಿ, ಅವು ಒಂದಾಗಿ ನಡೆಯುವಂತೆ ತಿದ್ದಲಾಯಿತು. 2024ರ ಏಪ್ರಿಲ್ 18ರಂದು ಮೊದಲ ತುಂಡನ್ನು ಕಳುಹಿಸಿದರು. ಏಪ್ರಿಲ್ 20ರಂದು, ಐದು ತಿಂಗಳ ತರುವಾಯ, ನೌಕೆಯಿಂದ ತನ್ನ ಸ್ಥಿತಿಯನ್ನು ತಿಳಿಸುವ ಸ್ಪಷ್ಟವಾದ ಉತ್ತರವು ಬಂತು.

ಇದನ್ನು ಸಾಧಿಸಿದವರಲ್ಲಿ ನೌಕೆಗಳು ಹೊರಟಾಗ ಇನ್ನೂ ಹುಟ್ಟದಿದ್ದವರೂ ಇದ್ದರು. 1972ರಿಂದ 2022ರವರೆಗೆ, ಐವತ್ತು ವರ್ಷಗಳ ಕಾಲ, ಈ ಯೋಜನೆಯ ಮುಖ್ಯ ವಿಜ್ಞಾನಿಯಾಗಿದ್ದ ಎಡ್ವರ್ಡ್ ಸ್ಟೋನ್ 2024ರಲ್ಲಿ ತೀರಿಕೊಂಡರು. ಕಟ್ಟಿದವರು ನಿವೃತ್ತರಾದಂತೆ, ಅವರು ಬರೆದಿಟ್ಟುದನ್ನು ಓದಿ ಅರ್ಥಮಾಡಿಕೊಂಡವರು ಕೆಲಸವನ್ನು ಮುಂದುವರಿಸಿದರು.

ಚಿನ್ನದ ತಟ್ಟೆ

ಪ್ರತಿಯೊಂದು ನೌಕೆಯೂ ಚಿನ್ನದ ಲೇಪವುಳ್ಳ ಒಂದು ತಾಮ್ರದ ಧ್ವನಿಮುದ್ರಿಕೆಯನ್ನು ಹೊತ್ತಿದೆ. ಎಂದಾದರೂ ಯಾರಾದರೂ ಅದನ್ನು ಕಂಡಾರೆಂಬ ಆಶಯದಿಂದ, ಕಾರ್ಲ್ ಸೇಗನ್ನರ ನೇತೃತ್ವದ ಸಮಿತಿಯೊಂದು ಅದನ್ನು ಸಿದ್ಧಪಡಿಸಿತು. ಭೂಮಿಯ ಚಿತ್ರಗಳು, ಮಳೆ ಗಾಳಿ ಹಕ್ಕಿಗಳ ಸದ್ದು, ಹಲವು ನಾಡುಗಳ ಸಂಗೀತ ಅದರಲ್ಲಿವೆ. ಭಾರತದಿಂದ ಗಾಯಕಿ ಕೇಸರಬಾಯಿ ಕೇರ್ಕರ್ ಅವರು ಭೈರವಿ ರಾಗದಲ್ಲಿ ಹಾಡಿದ ಗೀತವಿದೆ. ವಾಯೇಜರ್ 1 ಹೊರಟ ಹನ್ನೊಂದು ದಿನಗಳ ತರುವಾಯ, 1977ರ ಸೆಪ್ಟೆಂಬರ್ 16ರಂದು, ಅವರು ನಿಧನರಾದರು. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ನಮಸ್ಕಾರವನ್ನೂ ಶುಭಾಶಯವನ್ನೂ ಹೇಳುವ ಕೆಲವೇ ಮಾತುಗಳು ಸೂರ್ಯನ ಮೇರೆಯನ್ನು ದಾಟಿ ಸಾಗಿವೆ.

ವಾಯೇಜರ್ 1 ಇಂದು ಭೂಮಿಯಿಂದ 2,500 ಕೋಟಿ ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿದ್ದು, ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಿಂದ ಚಲಿಸುತ್ತಿದೆ. 2026ರ ನವೆಂಬರ್, ಬೆಳಕು ಒಂದು ದಿನದಲ್ಲಿ ಕ್ರಮಿಸುವಷ್ಟು ದೂರವನ್ನು ಅದು ಮುಟ್ಟುವ ಕಾಲವೆಂದು ಲೆಕ್ಕಹಾಕಲಾಗಿದೆ. ಇಂದಲ್ಲ ನಾಳೆ ವಿದ್ಯುಚ್ಛಕ್ತಿ ಸಾಲದೆ ಎರಡೂ ನೌಕೆಗಳು ಮೌನವಾಗುವುದು ನಿಶ್ಚಿತ. ಅನಂತರವೂ ಅವು ಚಲಿಸುತ್ತಲೇ ಇರುತ್ತವೆ. ಸುಮಾರು 40,000 ವರ್ಷಗಳ ತರುವಾಯ ವಾಯೇಜರ್ 1, ಗ್ಲೀಸ 445 ಎಂಬ ನಕ್ಷತ್ರದಿಂದ 1.6 ಜ್ಯೋತಿರ್ವರ್ಷ ದೂರದಲ್ಲಿ ಹಾದುಹೋಗುವುದು.

ದೊಡ್ಡ ಯೋಜನೆಯು ರದ್ದಾದಾಗ ದೊರೆತಷ್ಟರಲ್ಲಿಯೇ ತೃಪ್ತರಾಗಿ, ಆದರೆ ಗುರಿಯನ್ನು ಕಿರಿದಾಗಿಸದೆ ಕೆಲಸ ಮಾಡಿದವರಿಂದ ಈ ಯಾತ್ರೆ ಆರಂಭವಾಯಿತು. ಹಿರಿಯರು ಬರೆದಿಟ್ಟುದನ್ನು ಶ್ರದ್ಧೆಯಿಂದ ಓದಿದ ಕಿರಿಯರಿಂದ ಅದು ಮುಂದುವರಿಯಿತು. ವಿದ್ಯಾರ್ಥಿಗಳಿಗೆ ಗ್ರಹಗಳ ಪಾಠವನ್ನು ಹೇಳುವಾಗ, ಆ ಗ್ರಹಗಳ ಚಿತ್ರಗಳೊಡನೆ, ಅರೆಗಿವುಡಾದ ನೌಕೆಗೆ ಅದು ಕೇಳಬಲ್ಲ ಶ್ರುತಿಯನ್ನು ಪ್ರತಿಸಲವೂ ಲೆಕ್ಕಹಾಕಿ ಮಾತನಾಡಿದವರ ಕಥೆಯನ್ನೂ ಹೇಳುವುದು ಉಚಿತ.